ತಾಯಿಕುರಿಗೆ ಹಾಡಿದ ಚಳಿಗಾಲ

ಕಳೆದ ತಿಂಗಳು ಜರ್ಸಿ ಸಿಟಿಯಲ್ಲಿ ಗೆಳತಿಯೊಬ್ಬಳ ಗೃಹಪ್ರವೇಶವಿತ್ತು. ವೆಸ್ಟ್ ವಿಂಡ್ಸರಿನಿಂದ ಟರ್ನ್‌ಪೈಕ್ ಹೆದ್ದಾರಿ ಹಿಡಿದು, ಪಾರ್ಕಿಂಗಿಗಾಗಿ ಬೀದಿ ಬೀದಿ ಸುತ್ತಿ, ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಏರಿಸಿಕೊಂಡು ಲಿಫ್ಟಿನಿಂದ ಹೊರಬಂದೆವು. ಅಪಾರ್ಟ್‌ಮೆಂಟಿನ ಬಾಗಿಲುಗಳೆಲ್ಲ ಒಂದೇ ಥರ ಇದ್ದರೂ ಒಳಗೆ ಯಾರಿದ್ದಾರೆಂದು ಮೂಗಿಗೆ ಗೊತ್ತಾಗಿಬಿಡುತ್ತದೆ. ಒಂದು ಬಾಗಿಲಿನಿಂದ ಇಂಗಿನ ಒಗ್ಗರಣೆ, ಪಕ್ಕದ್ದರಿಂದ ಸುಟ್ಟ ಬ್ರೆಡ್ಡು. ಅದರಾಚೆಯ ಬಾಗಿಲಿನ ಮುಂದೆ ನಾನು ನಿಂತುಬಿಟ್ಟೆ. ಮಸಾಲೆಯ ಸುಳಿವೇ ಇಲ್ಲದೆ, ಬರೀ ನೀರು ಮತ್ತು ಉಪ್ಪಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ಕುರಿಮಾಂಸದ ವಾಸನೆ ಬರುತ್ತಿತ್ತು.

"ಯಾಕೆ ರೂಪಾ, ರಾಂಗ್ ಫ್ಲೋರಾ?" ಎಂದರು ನನ್ನ ಗಂಡ ಮಧು. ಆಮೇಲೆ ಅವರ ಮೂಗಿಗೂ ಹತ್ತಿತು. ನನ್ನ ಪಕ್ಕ ಬಂದು ನಿಂತುಕೊಂಡರು. ಎಂಟು ವರ್ಷದ ಮಗಳು ತನ್ವಿ ಮೂಗು ಹಿಡಿದುಕೊಂಡು, "ಇಟ್ ಸ್ಮೆಲ್ಸ್ ಸೋ ವಿಯರ್ಡ್, ಅಮ್ಮಾ" ಎಂದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಗೃಹಪ್ರವೇಶದ ಮನೆಯ ಬಾಗಿಲಲ್ಲಿ ಹೇಳುವ ಕತೆಯಲ್ಲ ಅದು. ಆ ಬಾಗಿಲು ತಟ್ಟಲೂ ಧೈರ್ಯವಾಗಲಿಲ್ಲ. ಒಳಗಿರುವವರು ಎಂಟು ವರ್ಷದ ಹಿಂದಿನ ಆ ಅಜ್ಜಿಯಲ್ಲ ಎಂದು ಖಾತ್ರಿಯಾಗಿಬಿಟ್ಟರೆ ಏನು ಮಾಡುವುದು?

ತನ್ವಿ ಹುಟ್ಟಿದ ಚಳಿಗಾಲದಲ್ಲಿ ನಾವು ಅಲ್ಲಿಂದ ನಾಲ್ಕು ಬೀದಿ ಆಚೆ, ನದಿಗೆ ಮುಖ ಮಾಡಿದ ಟವರೊಂದರ ಹದಿನಾಲ್ಕನೆಯ ಮಹಡಿಯಲ್ಲಿದ್ದೆವು. ಬಾಡಿಗೆ ಕೊಡುತ್ತಿದ್ದುದು ಮನೆಗಿಂತ ಹೆಚ್ಚಾಗಿ ಕಿಟಕಿಗೆ. ಆಚೆ ದಡದಲ್ಲಿ ಮ್ಯಾನ್‌ಹಟನ್ನು, ಈಚೆ ದಡದಲ್ಲಿ ಹಡ್ಸನ್ ನದಿಯಿಂದ ಎದ್ದು ಬಂದು ಗಾಜಿಗೆ ಗುದ್ದುವ ಗಾಳಿ. ಮಗು ಹುಟ್ಟಿದ್ದು ಡಿಸೆಂಬರಿನಲ್ಲಿ. ಬಾಣಂತನಕ್ಕೆ ಮಂಡ್ಯದಿಂದ ಅಮ್ಮ ಬರಬೇಕಿತ್ತು. ಬೆಳ್ಳುಳ್ಳಿ, ಮೆಣಸು, ಸಬ್ಬಸಿಗೆ ಬೀಜ ಎಲ್ಲ ಹುರಿದು ಪುಡಿ ಮಾಡಿ ಪೊಟ್ಟಣ ಕಟ್ಟಿಟ್ಟುಕೊಂಡಿದ್ದಳು. ವೀಸಾ ಇಂಟರ್‌ವ್ಯೂ ತಾರೀಖು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಅಮ್ಮ ಬಂದದ್ದು ವಿಡಿಯೋದಲ್ಲಿ.

"ತಲೆಗೆ ಬಟ್ಟೆ ಕಟ್ಕಂಡಿದೀಯೇನವ್ವ? ಕಿವಿಗೆ ಹತ್ತಿ ಎಲ್ಲಿ? ಹಾಲು ಇಳೀತಾ?"

ಹಾಲೇನೋ ಇಳಿಯುತ್ತಿತ್ತು. ಇಳಿಯದೆ ಇದ್ದದ್ದು ಬೇರೆ. ಆಸ್ಪತ್ರೆಯಲ್ಲಿ ನರ್ಸು ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದಾಗ ನನಗೆ ಏನೂ ಅನಿಸಲಿಲ್ಲ. ಸುಸ್ತು ಅಂದುಕೊಂಡೆ. ಮನೆಗೆ ಬಂದ ಮೇಲೂ ಅನಿಸಲಿಲ್ಲ. ಅದು ಅತ್ತಾಗ ಬೇರೆ ಯಾರದೋ ಮನೆಯಲ್ಲಿ ಫೋನ್ ರಿಂಗಾಗುತ್ತಿದೆ ಅನಿಸುತ್ತಿತ್ತು. ಎದೆಗೆ ಹಚ್ಚಲು ಹೋದರೆ ಮೈಯೆಲ್ಲ ಮರಗಟ್ಟುತ್ತಿತ್ತು. ಹಾಗಾಗಿ ಪಂಪಿನಲ್ಲಿ ಹಾಲು ತೆಗೆದು, ಬಾಟಲಿಗೆ ತುಂಬಿ, ಮಧು ಕೈಗೆ ಕೊಟ್ಟುಬಿಡುತ್ತಿದ್ದೆ. ಅವರು ಆಫೀಸಿಗೆ ಕಮ್ಯೂಟ್ ಮಾಡತೊಡಗಿದ ಮೇಲೆ ಬಾಟಲಿ ಹಿಡಿಯುವುದೂ ನನ್ನ ಪಾಲಿಗೆ ಬಂತು. ಮುಖ ಕಿಟಕಿಯ ಕಡೆ, ಕೈ ಮಗುವಿನ ಕಡೆ.

ಡಾಕ್ಟರು ಇದಕ್ಕೊಂದು ಹೆಸರು ಹೇಳಿದರು, ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕೂತು ಮಾತಾಡಲು ಒಬ್ಬರನ್ನು ಗೊತ್ತುಮಾಡಿದರು. ಮಾತ್ರೆಯೂ ಕೆಲಸ ಮಾಡಿತು, ಮಾತೂ ಮಾಡಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆಗ ಸುತ್ತಲಿದ್ದವರೆಲ್ಲರ ಬಾಯಲ್ಲೂ ಒಂದೊಂದು ಉಪದೇಶವಿತ್ತು. ಎಡಿಸನ್ ಊರಿನ ಆಂಟಿಯೊಬ್ಬರು ಫೋನಿನಲ್ಲಿ, "ನಿನ್ನ ಮಗು ಅಲ್ವೇನಮ್ಮಾ, ಎತ್ಕೊಂಡ್ರೆ ತಾನಾಗೇ ಪ್ರೀತಿ ಬರತ್ತೆ" ಎಂದರು. ಮಧು, "ನೋ ಪ್ರೆಶರ್, ರೂಪಾ, ಟೇಕ್ ಯುವರ್ ಟೈಮ್" ಎಂದು ದಿನಾ ಹೇಳಿ ಹೇಳಿ ಅದೇ ದೊಡ್ಡ ಪ್ರೆಶರ್ ಆಗಿಹೋಯಿತು. ನನಗೋ ಭಯ. ಇದು ಹೀಗೇ ಇದ್ದುಬಿಟ್ಟರೆ? ಈ ಮಗು ಅಮ್ಮನ ಮುಖ ಅಂದರೆ ಕಿಟಕಿಯ ಕಡೆ ತಿರುಗಿದ ಮುಖ ಎಂದುಕೊಂಡೇ ಬೆಳೆದರೆ?

ಜನವರಿಯ ಒಂದು ಬೆಳಿಗ್ಗೆ ಬಾಗಿಲ ಹೊರಗೆ ಯಾರೋ ಗಟ್ಟಿಯಾಗಿ ಕೂಗಿದರು: "ನೊಖೋಯ್ ಖೋರ್!" ನಾನು ಏಳುವಷ್ಟರಲ್ಲಿ ಬಾಗಿಲೇ ತೆರೆಯಿತು. ಮಧು ಹೋದ ಮೇಲೆ ಚಿಲಕ ಹಾಕಲು ಮರೆತಿದ್ದೆ. ಮಂಡಿವರೆಗಿನ ನೀಲಿ ನಿಲುವಂಗಿ, ಸೊಂಟಕ್ಕೆ ಕಿತ್ತಳೆ ಬಣ್ಣದ ಪಟ್ಟಿ, ಗಾಳಿಗೆ ಒಡೆದ ಕೆಂಪು ಕೆನ್ನೆಯ ಒಬ್ಬ ಮುದುಕಿ. ಹೊಸ್ತಿಲಿನಲ್ಲಿದ್ದ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಯನ್ನು ತುಳಿಯಬಾರದೆಂದು ಕಾಲೆತ್ತಿ ದಾಟಿ, ನಮ್ಮ ಸೋಫಾದ ಮೇಲೆ ಕೂತು, ನನ್ನನ್ನೂ ಮಗುವನ್ನೂ ನೋಡತೊಡಗಿದಳು. ಪೊಲೀಸರಿಗೆ ಫೋನ್ ಮಾಡಬೇಕೋ ಕಾಫಿ ಕೊಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಸೊಲೊಂಗೊ ಒದ್ದೆ ತಲೆಯಲ್ಲೇ ಓಡಿಬಂದಳು.

ಸೊಲೊಂಗೊ ಮಂಗೋಲಿಯಾದವಳು. ಗಂಡನೂ ಅವಳೂ ಅಲ್ಲೇ ಬ್ಯಾಂಕೊಂದರ ಬ್ಯಾಕ್ ಆಫೀಸಿನಲ್ಲಿದ್ದರು. ಲಿಫ್ಟಿನಲ್ಲಿ ಹಾಯ್ ಬಾಯ್ ಅಷ್ಟೇ ನಮ್ಮ ಪರಿಚಯ. ಈ ಮುದುಕಿ ಅವಳ ಅತ್ತೆ. ಮೊಮ್ಮಗಳ ಜೊತೆ ಕೆಲವು ತಿಂಗಳು ಇರಲು ಅಕ್ಟೋಬರಿನಲ್ಲಿ ಬಂದವಳು. "ಸಾರಿ, ತುಂಬಾ ಸಾರಿ" ಎಂದು ಸೊಲೊಂಗೊ ಇಂಗ್ಲಿಷಿನಲ್ಲಿ ವಿವರಿಸಿದಳು. "ಹುಲ್ಲುಗಾವಲಿನಲ್ಲಿ ನಮ್ಮ ಡೇರೆಗಳ ಬಾಗಿಲು ಯಾರೂ ತಟ್ಟೋದಿಲ್ಲ. ದೂರದಿಂದಲೇ ನಾಯಿ ಹಿಡಿದುಕೊಳ್ಳಿ ಅಂತ ಕೂಗಿ ಒಳಗೆ ಬರೋದು. ಎಷ್ಟು ಸಲ ಹೇಳಿದರೂ ಅವರಿಗೆ ಅರ್ಥವಾಗಲ್ಲ."

"ನಮ್ಮನೇಲಿ ನಾಯಿ ಇಲ್ಲ" ಎಂದೆ.

ಸೊಲೊಂಗೊ ಅದನ್ನು ತಿಳಿಸಿದಳು. ಮುದುಕಿ ಯೋಚಿಸಿ ಏನೋ ಹೇಳಿದಳು. "ನಾಯಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು ಅಂತಿದಾರೆ" ಎಂದು ಸೊಲೊಂಗೊ ಮುಖ ಮುಚ್ಚಿಕೊಂಡಳು.

ಮುದುಕಿಯನ್ನು ನಾವೂ ಎಮೇ ಎಂದೇ ಕರೆದೆವು, ಅವರ ಮಾತಿನಲ್ಲಿ ಅಜ್ಜಿ ಎಂದು. ಮಾರನೆಯ ದಿನದಿಂದ ಎಮೇ ತಪ್ಪದೆ ಬಂದಳು. ಮೊಮ್ಮಗಳನ್ನು ಡೇಕೇರಿಗೆ ಬಿಟ್ಟ ಮೇಲೆ ಅವಳಿಗೂ ಹದಿನಾಲ್ಕನೆಯ ಮಹಡಿಯಲ್ಲಿ ಮಾಡಲು ಕೆಲಸವಿರಲಿಲ್ಲ. ಬರುವಾಗ ಒಂದು ಪಾತ್ರೆ ತುಂಬಾ ಕುರಿಮಾಂಸದ ಸಾರು. ಬಲಗೈಯಲ್ಲಿ ಬಟ್ಟಲು, ಎಡಗೈ ಬಲ ಮೊಣಕೈಯ ಕೆಳಗೆ. ಹಾಗೆ ಚಾಚಿದ ಕೈಯನ್ನು ಬೇಡ ಅನ್ನಲಾಗುತ್ತಿರಲಿಲ್ಲ. ನನ್ನ ತಲೆಗೆ ಉಣ್ಣೆಯ ಶಾಲು ಸುತ್ತಿದಳು, ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ಏರಿಸಿದಳು, ತಣ್ಣೀರಿನ ನಲ್ಲಿಯ ಕಡೆ ಹೋದರೆ ಗದರಿದಳು. ಒಂದು ಬೆಳಿಗ್ಗೆ ಅಮ್ಮನ ವಿಡಿಯೋ ಕಾಲ್ ಬಂದಾಗ ಎಮೇ ಫೋನಿನೊಳಗೆ ಇಣುಕಿ ನನ್ನ ಬರಿಗಾಲನ್ನು ತೋರಿಸಿ ದೂರು ಹೇಳಿದಳು. ಅಮ್ಮನೂ ಅತ್ತ ಕಡೆಯಿಂದ ದೂರು ಹೇಳಿದಳು. ಒಬ್ಬಳದು ಮಂಗೋಲಿಯನ್, ಒಬ್ಬಳದು ಮಂಡ್ಯದ ಕನ್ನಡ. ನನ್ನ ಮೇಲಿನ ದೂರಿನಲ್ಲಿ ಇಬ್ಬರಿಗೂ ಎಳ್ಳಷ್ಟೂ ಭಿನ್ನಾಭಿಪ್ರಾಯವಿರಲಿಲ್ಲ.

"ಆವಮ್ಮ ಸರ್ಯಾಗೇ ಹೇಳ್ತಾವ್ರೆ ಕಣವ್ವ" ಎಂದಳು ಅಮ್ಮ. "ಅದೇನ್ ಕೊಟ್ರು ಕುಡಿಯಕ್ಕೆ?"

"ಕುರಿ ಸಾರು. ಖಾರ ಇಲ್ಲ, ಏನಿಲ್ಲ."

"ಕಾಲ್ ಸೂಪು ಅಂದ್ಕೊಂಡು ಕುಡಿ. ಮೆಣಸು ಬೇಕಾರೆ ಮ್ಯಾಲೆ ಉದುರಿಸ್ಕೋ."

ಎಮೇ ಕಾಣದಂತೆ ಮೆಣಸು ಉದುರಿಸಿಕೊಂಡೆ. ಆ ತಿಂಗಳಲ್ಲಿ ನಾನು ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ ಇರಬೇಕು.

ಎಮೇ ಮಗುವನ್ನು ಎತ್ತಿ ಆಡಿಸುವಳೆಂದು ಕಾದಿದ್ದೆ. ನಮ್ಮನೆಗೆ ಬಂದವರೆಲ್ಲ ಮಾಡಿದ್ದು ಅದನ್ನೇ. ಅವಳು ಮಾಡಲಿಲ್ಲ. ಅಳು ಜೋರಾದರೆ ಎತ್ತಿ, ಮುತ್ತಿಡುವಂತೆ ಹಣೆ ಮೂಸಿ, ನನ್ನ ಪಕ್ಕಕ್ಕೆ ತಂದು ಮಲಗಿಸುವಳು. ಉಳಿದ ಹೊತ್ತೆಲ್ಲ ನೋಡುತ್ತಿದ್ದುದು ನನ್ನನ್ನು. ನಾನು ಬಾಟಲಿ ಹಿಡಿದು ಕಿಟಕಿಯ ಕಡೆ ತಿರುಗಿದಾಗ ಅವಳ ಕಣ್ಣು ನನ್ನ ಕುತ್ತಿಗೆಯ ಮೇಲಿರುತ್ತಿತ್ತು. ಬೈಯುವ ಕಣ್ಣಲ್ಲ. ಹಳೆಯ ಕೆಲಸವೊಂದನ್ನು ಎಲ್ಲಿಂದ ಶುರು ಮಾಡಲಿ ಎಂದು ಅಳೆಯುತ್ತಿದ್ದಂತಿತ್ತು.

ಫೆಬ್ರವರಿಯಲ್ಲಿ ದೊಡ್ಡ ಹಿಮಗಾಳಿ ಬಂತು. ಸ್ಕೂಲು, ಆಫೀಸು ಎಲ್ಲ ಬಂದ್. ಮಧು ಮಾತ್ರ ಕೆಲಸದ ಮೇಲೆ ಹೊರಟು ಹಿಂದಿನ ದಿನವೇ ಬಾಸ್ಟನ್ನಿನಲ್ಲಿ ಸಿಕ್ಕಿಬಿದ್ದಿದ್ದರು. ಕಿಟಕಿಯಾಚೆ ಮ್ಯಾನ್‌ಹಟನ್ನೇ ಮಾಯವಾಗಿ ಬರೀ ಬಿಳಿ. ಮಧ್ಯಾಹ್ನ ಎಮೇ ಈ ಸಲ ಸೊಲೊಂಗೊಳನ್ನೂ ಕರೆದುಕೊಂಡೇ ಬಂದಳು. ನನ್ನನ್ನು ನೆಲದ ಮೇಲೆ ಗೋಡೆಗೊರಗಿಸಿ ಕೂರಿಸಿದಳು. ಮಗುವಿನ ಬಟ್ಟೆ ಬಿಚ್ಚಿ, ನನ್ನ ಅಂಗಿಯ ಗುಂಡಿ ಬಿಚ್ಚಿ, ಎದೆಗೊರಗಿಸಿ, ಇಬ್ಬರನ್ನೂ ಸೇರಿಸಿ ಶಾಲು ಸುತ್ತಿದಳು. ನಾನು ಏಳಲು ಹೋದೆ. ಅವಳು ನನ್ನೆದುರು ಮಂಡಿಯೂರಿ, ನನ್ನ ಮೊಣಕಾಲಿನ ಮೇಲೆ ಒಂದು ಕೈಯಿಟ್ಟು, ಹಾಡತೊಡಗಿದಳು.

"ತೊಯಿಗ್, ತೊಯಿಗ್, ತೊಯಿಗ್..."

ಅಷ್ಟೇ ಮಾತು. ಅದೇ ಮಾತು ಮೇಲೆ ಹೋಗುತ್ತದೆ, ಎಳೆಯುತ್ತದೆ, ಮೆಲ್ಲಗೆ ಕೆಳಗಿಳಿಯುತ್ತದೆ, ಮತ್ತೆ ಶುರುವಾಗುತ್ತದೆ. ಲಾಲಿ ಹಾಡುತ್ತಿದ್ದಾಳೆ ಅಂದುಕೊಂಡೆ. ಆದರೆ ಅವಳು ಮಗುವಿನ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಕಣ್ಣಿನೊಳಗೆ ನೋಡಿಕೊಂಡು ನನಗೇ ಹಾಡುತ್ತಿದ್ದಳು.

"ಏನಿದು?" ಎಂದು ಸೊಲೊಂಗೊಳನ್ನು ಕೇಳಿದೆ. ಅವಳ ಮುಖ ಕೆಂಪಾಯಿತು. ಹೇಳಲೋ ಬೇಡವೋ ಎಂದು ತಡವರಿಸಿದಳು.

"ತಪ್ಪು ತಿಳಿಯಬೇಡ ರೂಪಾ. ಚೊಚ್ಚಲು ಈದ ಕುರಿ ಕೆಲವು ಸಲ ತನ್ನ ಮರಿಯನ್ನೇ ಹತ್ತಿರಕ್ಕೆ ಸೇರಿಸೋದಿಲ್ಲ. ಆಗ ಹೆಂಗಸರು ಮರೀನ ಪಕ್ಕಕ್ಕೆ ಬಿಟ್ಟು, ತಾಯಿಕುರಿಗೆ ಹೀಗೆ ಹಾಡ್ತಾರೆ. ಅದು ಕರಗೋವರೆಗೂ ಹಾಡ್ತಾರೆ. ನಾನು ಬೇಡ ಅಂದೆ. ಇವರು ಕೇಳಲಿಲ್ಲ."

"ಅಂದ್ರೆ ನಾನು ಕುರಿ."

ನನಗೆ ಸಿಟ್ಟು ನೆತ್ತಿಗೇರಿತು. ಎಂ.ಟೆಕ್. ಮಾಡಿದ ಹೆಂಗಸನ್ನು ಹಿಡಿದು ಕೂರಿಸಿ ಕುರಿಯ ಹಾಡು ಹಾಡುತ್ತಾಳಲ್ಲ ಎಂದು. ಎಮೇ ಹಾಡು ನಿಲ್ಲಿಸಿ, ಏನಂತೆ ಎಂಬಂತೆ ಸೊಸೆಯ ಕಡೆ ತಿರುಗಿದಳು. ಸೊಸೆ ತಿಳಿಸಿದಳು. ಎಮೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಭೀರವಾಗಿ ಉತ್ತರಿಸಿದಳು.

"ಒಳ್ಳೇ ಕುರಿ ಅಂತಿದಾರೆ" ಎಂದಳು ಸೊಲೊಂಗೊ.

ನಾನು ನಕ್ಕುಬಿಟ್ಟೆ. ಎಷ್ಟೋ ವಾರಗಳ ಮೇಲೆ ನಕ್ಕದ್ದು. ನಗು ಮುಗಿಯುವ ಮೊದಲೇ ಎಮೇ ಇನ್ನೊಂದು ಮಾತು ಹೇಳಿದಳು. ಸೊಲೊಂಗೊ ಅದನ್ನು ನಿಧಾನವಾಗಿ ತಿಳಿಸಿದಳು. "ಚಳಿ ಜಾಸ್ತಿಯಿದ್ದರೆ, ಹೆರಿಗೆ ಕಷ್ಟವಾದರೆ, ಜೊತೆಗೆ ಮಂದೆ ಇಲ್ಲದಿದ್ದರೆ ಹಾಗಾಗುತ್ತೆ ಅಂತಾರೆ. ಆ ಕುರಿಗೆ ಯಾರೂ ಬೈಯೋದಿಲ್ಲವಂತೆ. ಬೈದರೆ ಹಾಲು ಬತ್ತುತ್ತೆ. ಹಾಡಬೇಕು, ಅಷ್ಟೇ."

ಯಾರೂ ಬೈಯುವುದಿಲ್ಲ. ನಾನು ಆ ಎರಡು ತಿಂಗಳಲ್ಲಿ ನನ್ನನ್ನೇ ಬೈದುಕೊಂಡದ್ದಕ್ಕೆ ಲೆಕ್ಕವಿರಲಿಲ್ಲ. ಎಮೇ ಮತ್ತೆ ಶುರು ಮಾಡಿದಳು.

ಅವತ್ತೇ ಪವಾಡವಾಯಿತು ಎಂದು ಬರೆಯಲು ಚೆನ್ನಾಗಿರುತ್ತದೆ. ಆಗಲಿಲ್ಲ. ತನ್ವಿ ಎದೆ ಹಿಡಿಯದೆ ಚೀರಿದಳು, ನಾನು ಬೆವರಿದೆ, ಕೊನೆಗೆ ಬಾಟಲಿಯೇ ಗತಿಯಾಯಿತು. ಮಾರನೆಯ ದಿನ ಎಮೇ ಮತ್ತೆ ಬಂದಳು, ಮತ್ತೆ ಹಾಡಿದಳು. ಅವಳ ಧ್ವನಿ ಸಿನಿಮಾದ ಧ್ವನಿಯಲ್ಲ. ಒರಟು, ನಡುವೆ ಕೆಮ್ಮು. ಹಾಡುತ್ತಲೇ ಕೈಯಿಂದ ನನ್ನ ಬೆನ್ನು ತಿಕ್ಕುವಳು, ಹಾಡುತ್ತಲೇ ಸಾರಿನ ಬಟ್ಟಲು ನನ್ನ ಕಡೆ ತಳ್ಳುವಳು. ದಿನ ಕಳೆದಂತೆ ಆ ಎಳೆತ ಬಂದಾಗ ನನ್ನ ಉಸಿರೂ ಅದರ ಜೊತೆಗೇ ಕೆಳಗಿಳಿಯತೊಡಗಿತು. ಒಂದು ಮಧ್ಯಾಹ್ನ, ಕಿಟಕಿಯಲ್ಲಿ ಬಿಸಿಲಿತ್ತು, ಕೆಳಗೆ ರಸ್ತೆಯಲ್ಲಿ ಹಿಮ ತೆಗೆಯುವ ಲಾರಿ ಕೆರೆಯುತ್ತಿತ್ತು, ನಾನು ಯಾವುದೇ ಕಾರಣವಿಲ್ಲದೆ ಅಳತೊಡಗಿದೆ. ಬಿಕ್ಕಿ ಬಿಕ್ಕಿ, ಮೂಗು ಸುರಿಸಿಕೊಂಡು, ಮಗುವಿನ ತಲೆಯ ಮೇಲೆಲ್ಲ ಕಣ್ಣೀರು ಬೀಳುವಂತೆ ಅತ್ತೆ. ಎಮೇ ಹಾಡು ನಿಲ್ಲಿಸಲಿಲ್ಲ. ಕಣ್ಣು ಒರೆಸಿಕೊಳ್ಳಲೆಂದು ತಲೆ ತಗ್ಗಿಸಿದಾಗ ತನ್ವಿ ಎದೆಗೆ ಹತ್ತಿಕೊಂಡು ಕುಡಿಯುತ್ತಿದ್ದಳು. ಒಂದು ಕಣ್ಣು ತೆರೆದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅವಳ ಎಡಗಿವಿಯ ಅಂಚಿನಲ್ಲಿ ಒಂದು ಸಣ್ಣ ಮಡಿಕೆಯಿದೆ, ನಮ್ಮಪ್ಪನಿಗಿದ್ದಂಥದ್ದು. ಅದನ್ನು ಮೊದಲ ಸಲ ಕಂಡದ್ದು ಆಗ.

ಎಮೇ ಎದ್ದು, ಮಂಡಿ ತಿಕ್ಕಿಕೊಂಡು, ಬಟ್ಟಲು ತೊಳೆಯಲು ಹೋದಳು. ಅಷ್ಟೇ.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಮಾತೇ ಇಲ್ಲದೆ ಬೇಕಾದಷ್ಟು ಮಾತಾಡಿದೆವು. ಅವಳು ಫೋನಿನಲ್ಲಿ ತನ್ನ ಡೇರೆ, ಕುದುರೆ, ಮಂದೆಯನ್ನು ತೋರಿಸುತ್ತಿದ್ದಳು. ಆ ವರ್ಷ ಅವರ ಕಡೆ ಝುದ್ ಬಂದಿತ್ತು. ಹುಲ್ಲಿನ ಮೇಲೆ ಹಿಮ ಬಿದ್ದು, ಕರಗಿ, ಮತ್ತೆ ಕಲ್ಲಿನಂತೆ ಹೆಪ್ಪುಗಟ್ಟಿ, ಜಾನುವಾರುಗಳ ಬಾಯಿಗೆ ಮೇವೇ ಸಿಗದಂಥ ಚಳಿಗಾಲಕ್ಕೆ ಅವರು ಇಟ್ಟ ಹೆಸರು ಅದು. ಮಂದೆಯನ್ನು ಕಿರಿಯ ಮಗನಿಗೆ ಒಪ್ಪಿಸಿ ಬಂದಿದ್ದಳು. ಅವನ ಕರೆ ಬಂದಾಗಲೆಲ್ಲ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, ಅಂಗೈ ನೆಲಕ್ಕೆ ಮಾಡಿ ಮಲಗಿದವುಗಳ ಸಾಲು ತೋರಿಸಿದಳು. ಸತ್ತ ಕುರಿಗಳು ಎಂದು ಸೊಲೊಂಗೊ ಹೇಳಬೇಕಾಗಿರಲಿಲ್ಲ. ಉಳಿದವು ಮಾರ್ಚಿನಲ್ಲಿ ಈಯುತ್ತವೆ, ಬಡಕಲಾದ ಕುರಿಗಳು ಮರಿ ಸೇರಿಸುವುದು ಕಷ್ಟ, ಆಗ ತಾನು ಅಲ್ಲಿರಬೇಕು ಎಂದು ಅವಳ ಹಟ. ಟಿಕೆಟ್ಟನ್ನು ಮುಂಚಿನ ತಾರೀಖಿಗೆ ಬದಲಿಸಿದರು.

ನನಗೆ ಆ ಕುರಿಗಳ ಮೇಲೆ ಹೊಟ್ಟೆಕಿಚ್ಚಾಯಿತು. ನಗುವ ಮಾತಲ್ಲ, ನಿಜವಾಗಿಯೂ ಆಯಿತು. ನಾನು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಕೆಲವು ದಿನ ಬೆಳಿಗ್ಗೆ ಆ ಮರಗಟ್ಟುವಿಕೆ ಕದ್ದು ಬರುತ್ತಿತ್ತು. ಅವಳು ಹೋದ ಮೇಲೆ ಎಲ್ಲ ಮತ್ತೆ ಮೊದಲಿನಂತಾದರೆ? "ಎಮೇಗೆ ಇನ್ನೊಂದು ತಿಂಗಳು ಇರಕ್ಕೆ ಹೇಳು, ಪ್ಲೀಸ್" ಎಂದು ಸೊಲೊಂಗೊಳನ್ನು ಬೇಡಿಕೊಂಡೆ. ಎಮೇ ಕೇಳಿಸಿಕೊಂಡು, ತನ್ವಿಯನ್ನೂ ನನ್ನನ್ನೂ ತೋರಿಸಿ ಎರಡು ಬೆರಳು ಹೆಣೆದಳು. ಆಮೇಲೆ ಕಿಟಕಿಯಾಚೆ, ನದಿಯಾಚೆ, ಎಲ್ಲೋ ದೂರಕ್ಕೆ ಕೈ ಚಾಚಿ ಬೆರಳುಗಳನ್ನು ಬಿಡಿಬಿಡಿಯಾಗಿ ಹರಡಿದಳು. ಅಲ್ಲಿ ಇನ್ನೂ ಕೂಡಿಲ್ಲ ಎಂದು.

ಈಗ ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾವು ವೆಸ್ಟ್ ವಿಂಡ್ಸರಿಗೆ ಬಂದೆವು, ಸೊಲೊಂಗೊ ಕುಟುಂಬ ಡೆನ್ವರಿಗೆ ಹೋಯಿತು. ಒಂದೆರಡು ವರ್ಷ ಫೋಟೋಗಳು ಬಂದವು, ಆಮೇಲೆ ನಂಬರ್ ಬದಲಾಯಿತು. ಅಮ್ಮ ವೀಸಾ ಸಿಕ್ಕಿ ಎರಡು ಸಲ ಬಂದು ಹೋದಳು. ಈಗಲೂ, "ಆ ಕುರಿ ಅಜ್ಜಿ ಹೆಂಗವ್ರೆ?" ಎಂದು ಕೇಳುತ್ತಾಳೆ. ಆ ಹಾಡನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದೇನೆ. ಯಾರ್‍ಯಾರೋ ಹಾಡಿದ್ದಾರೆ, ನನಗಿಂತ ಚೆನ್ನಾದ ಕುರಿಗಳಿಗೆ. ಆ ಕೆಮ್ಮು ಯಾವುದರಲ್ಲೂ ಇಲ್ಲ. ಅವಳು ಬೇಕು ಅನಿಸುತ್ತದೆ. ಮಗಳಿಗೆ ಜ್ವರ ಬಂದಾಗಲ್ಲ, ಕಷ್ಟ ಬಂದಾಗಲ್ಲ, ಎಲ್ಲ ಚೆನ್ನಾಗಿರುವ ದಿನ, ತನ್ವಿ ಸುಮ್ಮನೆ ಬಂದು ನನ್ನ ಮೈಗೊರಗಿ ಕೂತಾಗ, ನೋಡು ಎಮೇ ಎಂದು ತೋರಿಸಲು ಬೇಕು ಅನಿಸುತ್ತದೆ.

ಅವಳು ಹೊರಟ ದಿನ ಮಾರ್ಚಿನ ಮೊದಲ ವಾರ, ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಬೀಳುತ್ತಿತ್ತು. ನಾನು ತನ್ವಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಬ್ಯಾಗು ನೇತುಹಾಕಿಕೊಂಡು ಕೆಳಗಿಳಿದಿದ್ದೆ. ಲಾಬಿಯ ಮುಂದೆ ಕಾರು ನಿಂತಿತ್ತು. ಎಮೇ ತನ್ವಿಯ ಹಣೆಯನ್ನು ದೀರ್ಘವಾಗಿ ಮೂಸಿದಳು. ಆಮೇಲೆ ನನ್ನ ತಲೆ ಹಿಡಿದು ಬಗ್ಗಿಸಿ ನನ್ನ ಹಣೆಯನ್ನೂ ಮೂಸಿದಳು. ಕಾರು ಹತ್ತಿದಳು. ಮಗ, ಮೊಮ್ಮಗಳು ಆಗಲೇ ಕೂತಿದ್ದರು.

ಕಾರಿನ ಬಾಗಿಲು ಹಿಡಿದು ನಿಂತಿದ್ದ ಸೊಲೊಂಗೊ ನನ್ನ ಹತ್ತಿರ ಬಂದಳು. "ಒಂದು ಸಹಾಯ ಮಾಡ್ತೀಯಾ? ನಮ್ಮಲ್ಲಿ ಯಾರಾದರೂ ದೂರ ಹೊರಟರೆ, ಮನೆಯಲ್ಲಿ ಉಳಿಯೋ ಹೆಂಗಸು ಅವರು ಹೋದ ದಿಕ್ಕಿಗೆ ಹಾಲು ಚಿಮುಕಿಸ್ತಾಳೆ. ದಾರಿ ಬಿಳಿಯಾಗಿರಲಿ, ಶುಭವಾಗಲಿ ಅಂತ. ನಾವೆಲ್ಲ ಏರ್‌ಪೋರ್ಟಿಗೆ ಹೋಗ್ತಿದೀವಿ. ಇಲ್ಲಿ ಉಳಿಯೋಳು ನೀನೊಬ್ಬಳೇ."

"ನನ್ನ ಹತ್ರ ಹಾಲೆಲ್ಲಿದೆ?" ಎಂದೆ. ಮೇಲೆ ಮನೆಯ ಫ್ರಿಜ್ಜಿನಲ್ಲಿದ್ದದ್ದು ಮಧುವಿನ ಓಟ್ಸ್ ಹಾಲು. ಅಷ್ಟರಲ್ಲಿ ಬ್ಯಾಗಿನ ನೆನಪಾಯಿತು. ದಾರಿಯಲ್ಲಿ ಬೇಕಾದೀತೆಂದು ಬೆಳಿಗ್ಗೆ ತೆಗೆದಿಟ್ಟ ನನ್ನ ಹಾಲಿನ ಬಾಟಲಿ ಅದರಲ್ಲಿತ್ತು. ಹೊರತೆಗೆದು ಹಿಡಿದುಕೊಂಡೆ. ಎದೆಹಾಲನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು ಎಂದು ಅಮ್ಮ ಎಷ್ಟು ಸಲ ಹೇಳಿದ್ದಳೋ. ಸೊಲೊಂಗೊ ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು. ಹೋಗಿ ಕಾರಿನಲ್ಲಿ ಕೂತಳು.

ಕಾರು ಹೊರಟಿತು. ನಾನು ಬಾಟಲಿಯ ಮುಚ್ಚಳಕ್ಕೆ ಹಾಲು ಬಗ್ಗಿಸಿ ಚಿಮುಕಿಸಿದೆ. ಮತ್ತೆ ಬಗ್ಗಿಸಿದೆ, ಮತ್ತೆ ಚಿಮುಕಿಸಿದೆ. ಒಂದು ತೋಳಿನಲ್ಲಿ ತನ್ವಿ, ಫುಟ್‌ಪಾತಿನ ಮೇಲೆ ಛತ್ರಿ ಹಿಡಿದು ಓಡುವ ಜನ. ಬಾಗಿಲು ಕಾಯುವವನು ಹೊರಗೆ ಬಂದು, "ಮ್ಯಾಮ್, ಎವೆರಿಥಿಂಗ್ ಓಕೆ?" ಎಂದ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹಿಂದಿನ ಕಿಟಕಿ ಇಳಿಯಿತು. ಎಮೇ ತಲೆ ಹೊರಗೆ ಹಾಕಿ ನನ್ನ ಕೈಯಲ್ಲಿದ್ದದ್ದೇನೆಂದು ನೋಡಿದಳು. ಅರ್ಥವಾಯಿತೆಂದು ಅವಳ ಮುಖವೇ ಹೇಳಿತು. ಹಸಿರು ದೀಪ ಬಿತ್ತು. ಕಾರು ಮೂಲೆಯಲ್ಲಿ ತಿರುಗಿ ಕಾಣದಾದ ಮೇಲೂ ನಾನು ಆ ಕಡೆಗೇ ಚಿಮುಕಿಸುತ್ತಿದ್ದೆ.

ಆಗ ತನ್ವಿ ಎಚ್ಚರಗೊಂಡು ಹಸಿವಿಗೆ ಅಳತೊಡಗಿದಳು. ಲಾಬಿಯೊಳಗೆ ಬಂದು ಸೋಫಾದ ಮೇಲೆ ಕೂತು ಬಾಟಲಿ ಎತ್ತಿ ನೋಡಿದೆ, ಒಂದು ಹನಿಯೂ ಉಳಿದಿರಲಿಲ್ಲ. ಜಾಕೆಟ್ಟಿನ ಜಿಪ್ ಇಳಿಸಿ ಅವಳನ್ನು ಎದೆಗೆ ಹಚ್ಚಿಕೊಂಡೆ. ನನ್ನಲ್ಲಿ ಇನ್ನೂ ಇತ್ತು.